ಪಾಸ್ ಬೇಕಾ, ಬಿಡಿ ಟಿಕೆಟ್ ಸಾಕಾ? ಯುರೋಪ್ ರೈಲಿನ ಪ್ರಶ್ನೆಗಳು

ಪ್ರಶ್ನೆ: ಮೇ ತಿಂಗಳಲ್ಲಿ ನಾವು ಐದು ಜನ ಯುರೋಪ್‌ಗೆ ಹೋಗಬೇಕು ಅಂತಿದ್ದೇವೆ. ನಾನು, ನಮ್ಮ ಯಜಮಾನರು, 13 ವರ್ಷದ ಮಗ, 8 ವರ್ಷದ ಮಗಳು, 67 ವರ್ಷದ ಅತ್ತೆ. ಅತ್ತೆಗೆ ಮೊಣಕಾಲು ನೋವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದು, ಪ್ಯಾರಿಸ್, ಇಂಟರ್‌ಲಾಕನ್, ವೆನಿಸ್ ನೋಡಿ ರೋಮ್‌ನಿಂದ ವಾಪಸ್. ಊರಿಂದ ಊರಿಗೆ ರೈಲಿನಲ್ಲೇ ಹೋಗಬೇಕು ಅಂತ ಮಕ್ಕಳ ಆಸೆ. ಏಜೆಂಟರು ಎಲ್ಲರಿಗೂ ಯೂರೇಲ್ ಪಾಸ್ ತಗೊಂಡುಬಿಡಿ ಅಂತಾರೆ. ನಮ್ಮ ಭಾವ ಬಿಡಿ ಟಿಕೆಟ್ಟೇ ಅಗ್ಗ ಅಂತಾರೆ. ವೀಸಾ ಇನ್ನೂ ಆಗಿಲ್ಲ. ಯಾವುದನ್ನು ಯಾವಾಗ ಕೊಳ್ಳಬೇಕು?
– ಓದುಗರು, ಬಸವೇಶ್ವರನಗರ

ಉತ್ತರ: ನಿಮ್ಮ ಈ ಪ್ರವಾಸಕ್ಕೆ ನಿಮ್ಮ ಭಾವ ಹೇಳಿದ್ದೇ ಸರಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ, ಆಮೇಲೆ ನೀವೇ ತೀರ್ಮಾನ ಮಾಡಿ.

ನಮ್ಮಲ್ಲಿ ರೈಲು ಅಂದ್ರೆ ಸೀಟಿನದೇ ಚಿಂತೆ. 60 ದಿನ ಮುಂಚೆ ಬುಕಿಂಗ್ ತೆರೆಯುವ ದಿನ ಬೆಳಿಗ್ಗೆ 8 ಗಂಟೆಗೆ ಮೊಬೈಲ್ ಹಿಡಿದು ಕೂರ್ತೀವಿ. ಆಗಲೂ ಸಿಗದಿದ್ದರೆ ವೇಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್. ದರ ಎಷ್ಟು ಅನ್ನೋದು ಮಾತ್ರ ಹೆಚ್ಚು ಕಮ್ಮಿ ಮೊದಲೇ ಗೊತ್ತಿರುತ್ತೆ. ಅಲ್ಲಿ ಇದು ಉಲ್ಟಾ. ವೇಟಿಂಗ್ ಲಿಸ್ಟ್ ಅನ್ನೋದೇ ಇಲ್ಲ. ಹಬ್ಬ, ರಜೆ ಬಿಟ್ಟರೆ ಸೀಟು ಸಾಮಾನ್ಯವಾಗಿ ಸಿಗುತ್ತೆ. ಆದರೆ ವೇಗದ ರೈಲುಗಳಲ್ಲಿ ದರ ವಿಮಾನದ ಟಿಕೆಟ್ ಥರ ದಿನೇ ದಿನೇ ಏರುತ್ತೆ. ಅದೇ ರೈಲು, ಅದೇ ಬೋಗಿ, ಪಕ್ಕದ ಸೀಟಿನವರು ನಿಮ್ಮ ಅರ್ಧ ದುಡ್ಡಿಗೆ ಬಂದಿರಬಹುದು.

ಎಲ್ಲ ರೈಲೂ ಹೀಗಲ್ಲ. ಕೆಲವು ರೈಲುಗಳಲ್ಲಿ ದರ ಏರುವುದೇ ಇಲ್ಲ. ಇಂದು ಕೊಂಡರೂ ಅಷ್ಟೇ, ಹೊರಡುವ ಮುಂಚೆ ಕೊಂಡರೂ ಅಷ್ಟೇ. ಸ್ವಿಟ್ಜರ್ಲೆಂಡ್ ಒಳಗಿನ ಮಾಮೂಲಿ ಟಿಕೆಟ್, ಇಟಲಿಯ ರೀಜನಲ್ ರೈಲು, ವಿಮಾನ ನಿಲ್ದಾಣದ ರೈಲು ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಮಲ್ಲೇಶ್ವರದ ಒಂದು ಟ್ರಾವೆಲ್ ಆಫೀಸಿನಲ್ಲಿ ನಾನು ಟಿಕೆಟ್ ಡೆಸ್ಕ್ ನೋಡಿಕೊಳ್ಳುತ್ತಿದ್ದಾಗ ಬಂದ ಪ್ರತಿ ಕುಟುಂಬಕ್ಕೂ ಮೊದಲು ಇದನ್ನೇ ಮಾಡಿಸುತ್ತಿದ್ದೆ. ಒಂದು ಹಾಳೆ ತಗೊಳ್ಳಿ. ಪ್ರಯಾಣಗಳನ್ನೆಲ್ಲ ಬರೆಯಿರಿ. ದರ ಏರುವ ರೈಲು ಯಾವುದು, ಏರದ ರೈಲು ಯಾವುದು ಅಂತ ಗುರುತು ಹಾಕಿ. ಏರುವುದನ್ನು ಬೇಗ ಕೊಳ್ಳಿ. ಏರದೇ ಇರುವುದಕ್ಕೆ ಇಲ್ಲಿ ಕೂತು ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಹಾಳೆಯಲ್ಲಿ ದೊಡ್ಡ ಪ್ರಯಾಣ ನಾಲ್ಕೇ. ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್, ಯೂರೋಸ್ಟಾರ್ ರೈಲಿನಲ್ಲಿ ಮೂರೂವರೆ ಗಂಟೆಯೊಳಗೆ. ಪ್ಯಾರಿಸ್‌ನಿಂದ ಇಂಟರ್‌ಲಾಕನ್, ಟಿಜಿವಿ ಲಿರಿಯಾ ಅನ್ನುವ ವೇಗದ ರೈಲಿನಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್‌ವರೆಗೆ ಸುಮಾರು ಮೂರು ಗಂಟೆ, ಅಲ್ಲಿಂದ ಸ್ವಿಸ್ ರೈಲಿನಲ್ಲಿ ಇನ್ನೆರಡು ಗಂಟೆ. ತುಂಬಾ ಜನ ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಟಿಕೆಟ್ ಮಾಡಿಸಿಬಿಡ್ತಾರೆ. ಇಂಟರ್‌ಲಾಕನ್‌ಗೆ ಅದು ಸುತ್ತು. ಬಾಸೆಲ್‌ನಲ್ಲಿ ಇಳಿಯಿರಿ. ಮೂರನೆಯದು ಇಂಟರ್‌ಲಾಕನ್‌ನಿಂದ ವೆನಿಸ್. ಶ್ಪೀಟ್ಸ್‌ನಲ್ಲಿ ರೈಲು ಬದಲಿಸಿ ಮಿಲಾನ್, ಅಲ್ಲಿಂದ ವೆನಿಸ್‌ಗೆ ಎರಡೂವರೆ ಗಂಟೆ. ಕೊನೆಯದು ವೆನಿಸ್‌ನಿಂದ ರೋಮ್, ನಾಲ್ಕು ಗಂಟೆ.

ಈಗ ಪಾಸಿನ ಲೆಕ್ಕ. ಯೂರೇಲ್ ಗ್ಲೋಬಲ್ ಪಾಸ್ ಯುರೋಪ್‌ನ ಹೊರಗಿನವರಿಗಾಗಿ ಇರುವುದು, 33 ದೇಶಗಳಲ್ಲಿ ನಡೆಯುತ್ತೆ. ಒಂದು ತಿಂಗಳಲ್ಲಿ ಯಾವುದಾದರೂ 4 ದಿನ ಓಡಾಡುವ ಪಾಸ್ ಎರಡನೇ ದರ್ಜೆಗೆ, ದೊಡ್ಡವರೊಬ್ಬರಿಗೆ 300 ಯೂರೋ ಆಸುಪಾಸು. 12ರಿಂದ 27 ವರ್ಷದವರಿಗೆ ಕಾಲು ಭಾಗದಷ್ಟು ಕಡಿಮೆ, 60 ದಾಟಿದವರಿಗೆ ನೂರಕ್ಕೆ 10 ಕಡಿಮೆ. 4ರಿಂದ 11 ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ. ಹಾಗಾಗಿ ನಿಮ್ಮ ಮಗಳಿಗೆ ದುಡ್ಡಿಲ್ಲ, ಮಗನಿಗೆ ಇದೆ. ಎಲ್ಲ ಕೂಡಿದರೆ ಸುಮಾರು 1,100 ಯೂರೋ. ನಾಲ್ಕು ಪ್ರಯಾಣಕ್ಕೆ ಹಂಚಿದರೆ ಒಂದಕ್ಕೆ 275 ಯೂರೋ. ಈ 275ನ್ನು ನಿಮ್ಮ ಹಾಳೆಯ ತಲೆಯಲ್ಲಿ ಬರೆದುಕೊಳ್ಳಿ. ಐದೂ ಜನರ ಬಿಡಿ ಟಿಕೆಟ್ ಇದಕ್ಕಿಂತ ಕಡಿಮೆಗೆ ಸಿಕ್ಕರೆ ಆ ಪ್ರಯಾಣಕ್ಕೆ ಪಾಸ್ ನಷ್ಟ. ಮುಂಚೆ ಕೊಂಡರೆ ಪ್ಯಾರಿಸ್–ಬಾಸೆಲ್, ವೆನಿಸ್–ರೋಮ್ ಈ ಮೊತ್ತದ ಒಳಗೇ ಬರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಜಾಸ್ತಿ ಜಿಗಿಯುವುದು ಯೂರೋಸ್ಟಾರ್. ಅದನ್ನೇ ಎಲ್ಲಕ್ಕಿಂತ ಮೊದಲು ಕೊಳ್ಳಿ.

ಏಜೆಂಟರು ಹೇಳದೇ ಬಿಡುವ ಇನ್ನೊಂದು ಖರ್ಚಿದೆ. ಪಾಸ್ ಇದ್ದರೂ ಯೂರೋಸ್ಟಾರ್, ಟಿಜಿವಿ ಲಿರಿಯಾ, ಇಟಲಿಯ ಫ್ರೆಚ್ಚಾರೋಸ್ಸಾ, ಸ್ವಿಟ್ಜರ್ಲೆಂಡ್‌ನಿಂದ ಮಿಲಾನ್‌ಗೆ ಹೋಗುವ ಯೂರೋಸಿಟಿ ಇವಕ್ಕೆಲ್ಲ ಸೀಟು ರಿಸರ್ವೇಶನ್ ಕಡ್ಡಾಯ. ಅದಕ್ಕೆ ಬೇರೆ ದುಡ್ಡು. ಉಚಿತ ಪಾಸ್ ಇರುವ ಮಗಳಿಗೂ ಆ ದುಡ್ಡು ಕಟ್ಟಬೇಕು. ಅದೂ ಅಲ್ಲದೆ ಯೂರೋಸ್ಟಾರ್, ಟಿಜಿವಿಗಳಲ್ಲಿ ಪಾಸಿನವರಿಗೆ ಇಷ್ಟೇ ಸೀಟು ಅಂತ ಮಿತಿ ಇರುತ್ತೆ. ಅದು ಮುಗಿದರೆ ರೈಲಿನಲ್ಲಿ ಜಾಗ ಇದ್ದರೂ ನಿಮಗಿಲ್ಲ. ನಿಮ್ಮ ನಾಲ್ಕೂ ಪ್ರಯಾಣ ಇಂಥ ರೈಲುಗಳಲ್ಲೇ ಇವೆ. ‘ಯಾವ ರೈಲಿಗಾದರೂ ಹತ್ತಬಹುದು’ ಅನ್ನುವ ಪಾಸಿನ ಸುಖ ನಿಮಗೆ ಸಿಗುವುದೇ ಇಲ್ಲ. ಇಟಲಿಯಲ್ಲಿ 2012ರಿಂದ ಓಡುತ್ತಿರುವ ಇಟಾಲೋ ರೈಲಿಗಂತೂ ಈ ಪಾಸ್ ನಡೆಯುವುದಿಲ್ಲ. ಬಿಡಿ ಟಿಕೆಟ್ ಕೊಳ್ಳುವವರು ಫ್ರೆಚ್ಚಾರೋಸ್ಸಾ, ಇಟಾಲೋ ಎರಡರ ದರವನ್ನೂ ನೋಡಿ ಅಗ್ಗದ್ದನ್ನು ಆರಿಸಬಹುದು.

ಪಾಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಸುತ್ತುವವರು, ಮಕ್ಕಳಿಬ್ಬರೂ 12ರ ಒಳಗಿರುವವರು, ಬೆಳಿಗ್ಗೆ ಎದ್ದು ಮಳೆ ನೋಡಿ ಎಲ್ಲಿಗೆ ಹೋಗೋಣ ಅಂತ ನಿರ್ಧರಿಸುವವರು ಕಣ್ಣು ಮುಚ್ಚಿ ಪಾಸ್ ತಗೊಳ್ಳಬಹುದು. ಅಲ್ಲಿನ ಹೆಚ್ಚಿನ ರೈಲುಗಳಿಗೆ ರಿಸರ್ವೇಶನ್ ಬೇಕಿಲ್ಲ. ನಿಮ್ಮದು ದಿನ, ಊರು, ಹೋಟೆಲ್ ಎಲ್ಲ ಮೊದಲೇ ಗೊತ್ತಿರುವ ಪ್ರವಾಸ, ಅಲ್ವಾ? ಅದಕ್ಕೆ ಬಿಡಿ ಟಿಕೆಟ್ಟೇ ಸರಿ.

ಸ್ವಿಟ್ಜರ್ಲೆಂಡ್ ಒಳಗೆ ಮಾತ್ರ ಬೇರೆ ಲೆಕ್ಕ. ಅಲ್ಲಿನ ಮಾಮೂಲಿ ದರ ನಿಜಕ್ಕೂ ದುಬಾರಿ. ಕೊಂಡಷ್ಟು ದಿನ ರೈಲು, ಬಸ್ಸು, ದೋಣಿಯಲ್ಲಿ ಓಡಾಡಲು ಸ್ವಿಸ್ ಟ್ರಾವೆಲ್ ಪಾಸ್ ಅಂತ ಒಂದು, ಟಿಕೆಟ್‌ಗಳನ್ನು ಅರ್ಧ ದರಕ್ಕೆ ಕೊಳ್ಳಲು ಹಾಫ್ ಫೇರ್ ಕಾರ್ಡ್ ಅಂತ ಇನ್ನೊಂದು. ಯಾವುದನ್ನೇ ತಗೊಂಡರೂ ಸ್ವಿಸ್ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಕೇಳಿ ಪಡೆಯಿರಿ. ಅಪ್ಪ ಅಥವಾ ಅಮ್ಮನ ಜೊತೆ ಇರುವ 16ರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಅಂದರೆ ನಿಮ್ಮ ಇಬ್ಬರು ಮಕ್ಕಳಿಗೂ. ಯೂರೇಲ್ ಪ್ರಕಾರ ದುಡ್ಡು ಕೊಡಬೇಕಾಗಿದ್ದ ಮಗ ಇಲ್ಲಿ ಪುಕ್ಕಟೆ! ಇಂಟರ್‌ಲಾಕನ್‌ಗೆ ಹೋದವರು ಯುಂಗ್‌ಫ್ರಾವ್‌ಯೋಖ್ ಬಿಟ್ಟು ಬರುವುದಿಲ್ಲ. 3,454 ಮೀಟರ್ ಎತ್ತರದ ಆ ಸ್ಟೇಷನ್‌ಗೆ ಟ್ರಾವೆಲ್ ಪಾಸ್ ಇದ್ದರೆ ಮೇಲಿನ ಭಾಗಕ್ಕೆ ನೂರಕ್ಕೆ 25 ಮಾತ್ರ ರಿಯಾಯಿತಿ. ಹಾಫ್ ಫೇರ್ ಕಾರ್ಡ್‌ಗೆ ನೂರಕ್ಕೆ 50. ಆ ಬೆಟ್ಟವೇ ನಿಮ್ಮ ದೊಡ್ಡ ಖರ್ಚಾದರೆ ಹಾಫ್ ಫೇರ್ ಕಾರ್ಡ್ ಮೇಲು. ದಿನವೂ ದೋಣಿ, ಬಸ್ಸು, ಮ್ಯೂಸಿಯಂ ಅಂತ ಓಡಾಡುವವರಿಗೆ ಟ್ರಾವೆಲ್ ಪಾಸ್ ಚೆನ್ನ. ಕಾರ್ಡನ್ನು ಬೆಂಗಳೂರಿನಲ್ಲೇ ಕೊಂಡಿಟ್ಟುಕೊಂಡರೆ ಬಾಸೆಲ್‌ನಿಂದಲೇ ಅರ್ಧ ದರ ಶುರುವಾಗುತ್ತೆ. ಅಷ್ಟು ಎತ್ತರದಲ್ಲಿ ಉಸಿರಾಟ ಕಷ್ಟ ಆಗಬಹುದು. ಅತ್ತೆಯವರನ್ನು ಕರೆದೊಯ್ಯುವ ಮೊದಲು ಡಾಕ್ಟರನ್ನು ಕೇಳಿ.

ಇನ್ನು ವೀಸಾ. ಅಗ್ಗದ ಟಿಕೆಟ್‌ಗಳಲ್ಲಿ ಹೆಚ್ಚಿನವಕ್ಕೆ ರೀಫಂಡ್ ಇಲ್ಲ. ವೀಸಾ ಬರದಿದ್ದರೆ ದುಡ್ಡು ಹೋದಂತೆ. ಹಾಗಂತ ವೀಸಾ ಬರುವವರೆಗೆ ಕಾದರೆ ದರ ಏರಿರುತ್ತೆ. ಇದಕ್ಕೆ ಇರುವ ದಾರಿ ಒಂದೇ, ವೀಸಾವನ್ನೇ ಮುಂದಕ್ಕೆ ಎಳೆಯುವುದು. ಈ ದೇಶಗಳಿಗೆಲ್ಲ ಒಂದೇ ಆಗಿ ನಡೆಯುವ ಶೆಂಗನ್ ವೀಸಾಗೆ ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಜಾಸ್ತಿ ದಿನ ಇರುವ ದೇಶದ ಮೂಲಕ ಹಾಕಬೇಕು. ದಿನಗಳು ಸಮ ಇದ್ದರೆ ಮೊದಲು ಇಳಿಯುವ ದೇಶ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12ರೊಳಗಿನ ಮಕ್ಕಳಿಗೆ 45. ಫೈಲಿಗೆ ದಿನವಾರು ಪ್ಲಾನ್ ಚೆನ್ನಾಗಿ ಬರೆದುಕೊಡಿ. ರೀಫಂಡ್ ಇಲ್ಲದ ರೈಲು ಟಿಕೆಟ್ ಕೊಂಡು ಲಗತ್ತಿಸುವ ಅವಸರ ಬೇಡ. ಮೇ ಪ್ರಯಾಣಕ್ಕೆ ಡಿಸೆಂಬರ್ ಕೊನೆ, ಜನವರಿಯಲ್ಲಿ ಅರ್ಜಿ ಹಾಕಿದರೆ ಟಿಕೆಟ್ ಅಗ್ಗ ಇರುವಾಗಲೇ ಪಾಸ್‌ಪೋರ್ಟ್ ಕೈಗೆ ಬರುವ ಸಾಧ್ಯತೆ ಹೆಚ್ಚು. ಯುರೋಪ್‌ನ ರೈಲು ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಮಧ್ಯದಲ್ಲಿ ಬದಲಾಗುತ್ತೆ. ಅದಕ್ಕೇ ಅಕ್ಟೋಬರ್‌ನಲ್ಲಿ ಹುಡುಕಿ ‘ರೈಲೇ ಇಲ್ಲ’ ಅಂತ ಗಾಬರಿ ಆಗಬೇಡಿ.

ಮೇ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಮಕ್ಕಳಿಗೆ ಬೇಸಿಗೆ ರಜೆ, ಸರಿ. ಆದರೆ ಫ್ರಾನ್ಸ್‌ನಲ್ಲಿ ಮೇ 1, ಮೇ 8 ಎರಡೂ ಸರ್ಕಾರಿ ರಜೆ. ಅದರ ಜೊತೆ ಈಸ್ಟರ್ ಆಗಿ 39 ದಿನಕ್ಕೆ ಬರುವ ಗುರುವಾರವೂ ರಜೆ. ಶುಕ್ರವಾರ ಒಂದು ಲೀವ್ ಹಾಕಿ ಜನ ಊರು ಬಿಡ್ತಾರೆ. ಆ ಹಿಂದು ಮುಂದಿನ ದಿನಗಳಲ್ಲಿ ಪ್ಯಾರಿಸ್‌ನಿಂದ ಹೊರಡಬೇಡಿ. ಒಂದು ದಿನ ಆಚೀಚೆ ಮಾಡಿದರೆ ದರದಲ್ಲಿ ಎಷ್ಟು ವ್ಯತ್ಯಾಸ ಬರುತ್ತೆ ಅಂತ ನೀವೇ ನೋಡ್ತೀರಿ.

ಬುಕ್ ಮಾಡುವಾಗ ಐದು ಜನಕ್ಕೆ ಒಟ್ಟಿಗೆ ದರ ನೋಡಿ, ಆಮೇಲೆ ಮೂವರಿಗೆ, ಇಬ್ಬರಿಗೆ ಅಂತ ಬೇರೆ ನೋಡಿ. ಕಡಿಮೆ ದರದ ಸೀಟು ಮೂರೇ ಉಳಿದಿದ್ದರೆ ಕೆಲವು ಕಡೆ ಐವರಿಗೂ ಮೇಲಿನ ದರ ಹಾಕಿಬಿಡುತ್ತೆ. ಬೇರೆ ಮಾಡಿದರೂ ಮಕ್ಕಳನ್ನು ದೊಡ್ಡವರ ಟಿಕೆಟ್ ಜೊತೆಗೇ ಇಡಿ.

ಅತ್ತೆಯವರ ಮೊಣಕಾಲಿನ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು. ಲಿರಿಯಾ ರೈಲುಗಳು ಎರಡಂತಸ್ತಿನವು. ಏನೂ ಆರಿಸದಿದ್ದರೆ ಮೇಲಿನ ಅಂತಸ್ತು ಬರಬಹುದು. ಒಳಗೆ ಇಕ್ಕಟ್ಟಾದ ಮೆಟ್ಟಿಲು, ಕೈಯಲ್ಲಿ ಸೂಟ್‌ಕೇಸ್, ಹಿಂದೆ ಜನ. ಬುಕ್ ಮಾಡುವಾಗಲೇ ಕೆಳಗಿನ ಅಂತಸ್ತು ಅಂತ ಆರಿಸಿ. ನಡೆಯಲು ಕಷ್ಟ ಇರುವವರಿಗೆ ಸ್ಟೇಷನ್‌ನಲ್ಲಿ ಗಾಲಿಕುರ್ಚಿ, ಹತ್ತಿಸಿ ಇಳಿಸುವ ಸಹಾಯ ಉಚಿತ. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ 24 ಗಂಟೆ ಮುಂಚೆ ತಿಳಿಸಿದರೆ ಸಾಕು. ಇದನ್ನು ಕೇಳಲು ನಮ್ಮ ಹಿರಿಯರು ಸಂಕೋಚ ಪಡ್ತಾರೆ. ನೀವು ಅವರ ಪರವಾಗಿ ಕೇಳಿ. ಕೂಲಿಗಳು ಸಿಗುವುದಿಲ್ಲ, ಹಾಗಾಗಿ ಐದು ಜನಕ್ಕೆ ಐದು ದೊಡ್ಡ ಪೆಟ್ಟಿಗೆ ಬೇಡವೇ ಬೇಡ. ಪ್ಯಾರಿಸ್‌ನಲ್ಲಿ ನೀವು ಬಂದಿಳಿಯುವುದು ಗಾರ್ ದು ನೋರ್, ಬಾಸೆಲ್‌ಗೆ ಹೊರಡುವುದು ಗಾರ್ ದ ಲಿಯೋಂ. ಎರಡೂ ಬೇರೆ ಬೇರೆ ಕಡೆ ಇವೆ. ಟಿಜಿವಿ ಬಾಗಿಲು ಹೊರಡುವ ಎರಡು ನಿಮಿಷ ಮುಂಚೆಯೇ ಮುಚ್ಚುತ್ತೆ. ನಮ್ಮಲ್ಲಿ ಥರ ಓಡಿ ಹತ್ತುವುದು ಸಾಧ್ಯ ಇಲ್ಲ.

ಮಿಲಾನ್‌ನಲ್ಲಿ ರೈಲು ಬದಲಿಸುವಾಗ ಟಿಕೆಟ್ ಎರಡು ಬೇರೆ ಬೇರೆ ಆಗಿದ್ದರೆ ನಡುವೆ ಒಂದು ಗಂಟೆಯಾದರೂ ಬಿಡಿ. ಒಂದೇ ಥ್ರೂ ಟಿಕೆಟ್ ಆಗಿದ್ದು ಮೊದಲ ರೈಲು ತಡವಾದರೆ ಮುಂದಿನ ರೈಲಿಗೆ ಕಳಿಸುವುದು ಅವರ ಹೊಣೆ. ಬೇರೆ ಬೇರೆ ಆದರೆ ನಷ್ಟ ನಿಮ್ಮದು. ಒಕ್ಕೂಟದ ನಿಯಮದಂತೆ ರೈಲು 60 ನಿಮಿಷ ತಡವಾದರೆ ಟಿಕೆಟ್ ದರದ ನೂರಕ್ಕೆ 25, 120 ನಿಮಿಷ ದಾಟಿದರೆ 50 ಪರಿಹಾರ ಕೇಳಬಹುದು. ವೆನಿಸ್‌ನಲ್ಲಿ ಎರಡು ಸ್ಟೇಷನ್. ಮೆಸ್ತ್ರೆ ದಡದ ಮೇಲೆ, ಸಾಂತಾ ಲುಚೀಯಾ ನೀರಿನ ಊರಿನ ಒಳಗೆ. ಹೋಟೆಲ್ ಎಲ್ಲಿದೆ ನೋಡಿಕೊಂಡು ಟಿಕೆಟ್ ಮಾಡಿ. ರೋಮ್ ಟೆರ್ಮಿನಿಯಿಂದ ಫ್ಯೂಮಿಚೀನೋ ವಿಮಾನ ನಿಲ್ದಾಣಕ್ಕೆ ಹೋಗುವ ಲಿಯೊನಾರ್ದೋ ಎಕ್ಸ್‌ಪ್ರೆಸ್ 32 ನಿಮಿಷದ ದಾರಿ, ಅದರ ಟಿಕೆಟ್ ಅವತ್ತೇ ತಗೊಳ್ಳಿ. ಇಟಲಿಯಲ್ಲಿ ರೈಲು ಮುಷ್ಕರ ಆಗಾಗ ಇರುತ್ತೆ, ಆದರೆ ದಿನಾಂಕ ಮೊದಲೇ ಹೇಳ್ತಾರೆ. ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಇಟಲಿಯ ರೈಲು ಟಿಕೆಟ್‌ಗೆ ನನ್ನ ಡೆಬಿಟ್ ಕಾರ್ಡೂ ಹೋಗ್ತಿಲ್ಲ, ಕ್ರೆಡಿಟ್ ಕಾರ್ಡೂ ಹೋಗ್ತಿಲ್ಲ. ಏನು ಮಾಡಲಿ?
– ಓದುಗರು, ವಿಜಯನಗರ

ಉತ್ತರ: ಮೊದಲು ಬ್ಯಾಂಕಿನ ಆ್ಯಪ್ ತೆರೆದು ಕಾರ್ಡ್ ಸೆಟ್ಟಿಂಗ್ ನೋಡಿ. 2020ರ ರಿಸರ್ವ್ ಬ್ಯಾಂಕ್ ನಿಯಮದ ನಂತರ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ತಾನಾಗಿ ಚಾಲೂ ಇರುವುದಿಲ್ಲ. ಅದನ್ನು ಆನ್ ಮಾಡಿ, ಮಿತಿಯನ್ನೂ ಹೆಚ್ಚಿಸಿ. ಆಗಲೂ ಆಗದಿದ್ದರೆ ಟ್ರೈನ್‌ಲೈನ್, ರೇಲ್ ಯೂರೋಪ್‌ನಂಥ ಟಿಕೆಟ್ ಮಾರುವ ವೆಬ್‌ಸೈಟ್‌ಗಳಲ್ಲಿ ಪ್ರಯತ್ನಿಸಿ. ಸ್ವಲ್ಪ ಬುಕಿಂಗ್ ಶುಲ್ಕ ಇರಬಹುದು. ಮತ್ತೆ ಮತ್ತೆ ಒತ್ತುವ ಮೊದಲು ದುಡ್ಡು ಕಟ್ ಆಗಿದೆಯಾ ಅಂತ ಮೆಸೇಜ್ ನೋಡಿ.

ದುಡ್ಡು ರೂಪಾಯಿಯಲ್ಲಿ ಬೇಕಾ, ಯೂರೋದಲ್ಲಿ ಬೇಕಾ ಅಂತ ಕೇಳಿದರೆ ಯೂರೋ ಅನ್ನಿ. ರೂಪಾಯಿ ಅಂದರೆ ಅವರು ಹಾಕಿದ್ದೇ ವಿನಿಮಯ ದರ. ಸಾಮಾನ್ಯ ಕಾರ್ಡ್‌ಗಳಲ್ಲಿ ಬ್ಯಾಂಕ್ ನೂರಕ್ಕೆ 2ರಿಂದ 3.5ರವರೆಗೆ ಮಾರ್ಕಪ್, ಅಂದರೆ ವಿದೇಶಿ ವಹಿವಾಟಿನ ಶುಲ್ಕ ಹಿಡಿಯುತ್ತೆ, ಆ ಶುಲ್ಕದ ಮೇಲೆ ನೂರಕ್ಕೆ 18 ಜಿಎಸ್‌ಟಿ. ಐದು ಜನರ ಟಿಕೆಟ್ ಅಂದಾಗ ಇದೂ ಲೆಕ್ಕಕ್ಕೆ ಬರುತ್ತೆ. ಹೊರಟ ಮೇಲೆ ಟಿಕೆಟ್ ಕೊಳ್ಳುವವರು ಇಲ್ಲಿನ ಸಿಮ್ ರೋಮಿಂಗ್‌ನಲ್ಲಿ ಚಾಲೂ ಇಡಿ. ಒಟಿಪಿ ಬರುವುದು ಅದಕ್ಕೇ.

ಪ್ರಶ್ನೆ: ಸ್ವಿಟ್ಜರ್ಲೆಂಡ್‌ನ ಬೆಟ್ಟಗಳ ಮೇಲೆ ಹೋಗುವ ಬರ್ನಿನಾ ಎಕ್ಸ್‌ಪ್ರೆಸ್ ರೈಲಿನಲ್ಲಿ ನಮ್ಮ ದಿನಕ್ಕೆ ಸೀಟೇ ಇಲ್ಲ. ಮಗಳಿಗೆ ಬೇಜಾರಾಗಿದೆ. ಬೇರೆ ದಾರಿ ಇದೆಯಾ?
– ಓದುಗರು, ಜೆ.ಪಿ. ನಗರ

ಉತ್ತರ: ಇದೆ, ಮತ್ತು ನನ್ನನ್ನು ಕೇಳಿದರೆ ಅದೇ ಇನ್ನೂ ಚೆನ್ನ. ಅದೇ ಹಳಿಯ ಮೇಲೆ ಸೇಂಟ್ ಮೋರಿಟ್ಜ್‌ನಿಂದ ಟಿರಾನೋಗೆ ಮಾಮೂಲಿ ರೀಜನಲ್ ರೈಲು ಹಗಲಿಡೀ ಓಡುತ್ತೆ, ಹೆಚ್ಚು ಕಮ್ಮಿ ಗಂಟೆಗೊಂದು. ರಿಸರ್ವೇಶನ್ ಬೇಡ, ಹೆಚ್ಚಿನ ಶುಲ್ಕ ಇಲ್ಲ, ಸ್ವಿಸ್ ಟ್ರಾವೆಲ್ ಪಾಸೂ ನಡೆಯುತ್ತೆ. ಅದೇ ಹಿಮ, 2,253 ಮೀಟರ್ ಎತ್ತರದ ಅದೇ ಓಸ್ಪಿಟ್ಸಿಯೋ ಬರ್ನಿನಾ ಸ್ಟೇಷನ್, ಬ್ರೂಸಿಯೋದಲ್ಲಿ ರೈಲು ವೃತ್ತಾಕಾರದ ಸೇತುವೆ ಮೇಲೆ ಸುತ್ತಿ ಇಳಿಯುವ ಅದೇ ಜಾಗ. ಎಕ್ಸ್‌ಪ್ರೆಸ್‌ನ ದೊಡ್ಡ ಗಾಜಿನ ಕಿಟಕಿ ತೆರೆಯುವುದಿಲ್ಲ. ರೀಜನಲ್ ರೈಲಿನ ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಬಹುದು, ಫೋಟೋದಲ್ಲಿ ಗಾಜಿನ ನೆರಳು ಬರುವುದಿಲ್ಲ. ಮಧ್ಯೆ ಇಷ್ಟವಾದ ಸ್ಟೇಷನ್‌ನಲ್ಲಿ ಇಳಿದು, ಕೆರೆಯ ಪಕ್ಕ ಓಡಾಡಿ ಮುಂದಿನ ರೈಲು ಹತ್ತಬಹುದು. ಎಂಥ ಸುಖ ಅದು! 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಹಳಿಯನ್ನು, ಎಕ್ಸ್‌ಪ್ರೆಸ್ ರೈಲನ್ನಲ್ಲ. ಮಗಳಿಗೆ ಅದನ್ನು ಹೇಳಿ. ಟಿರಾನೋ ಇರುವುದು ಇಟಲಿಯಲ್ಲಿ. ಪಾಸ್‌ಪೋರ್ಟ್ ಹೋಟೆಲಿನಲ್ಲಿ ಬಿಟ್ಟು ಹೋಗಬೇಡಿ.

ಪ್ರಶ್ನೆ: ರೈಲಿನಲ್ಲಿ ಮನೆ ಊಟ ತಿನ್ನಬಹುದಾ? ನಾವು ಶುದ್ಧ ಸಸ್ಯಾಹಾರಿಗಳು.
– ಓದುಗರು, ಹನುಮಂತನಗರ

ಉತ್ತರ: ಧಾರಾಳವಾಗಿ. ಅಲ್ಲಿನವರೂ ಡಬ್ಬಿ ತೆರೆದು ತಿಂತಾರೆ. ಒಣ ಚಪಾತಿ, ಚಟ್ನಿಪುಡಿ, ಚಕ್ಕುಲಿ, ಅವಲಕ್ಕಿ ಆರಾಮವಾಗಿ ಒಯ್ಯಿರಿ. ಆದರೆ ಹಾಲಿನ ಪದಾರ್ಥವನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ತುಪ್ಪದ ಬಾಟಲಿ, ಪೇಡ, ಪನೀರ್ ಬೇಡ.

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಟಿಕೆಟ್ ಫಾರ್ಮ್ ಅದಿಲ್ಲದೆ ಮುಂದೆ ಹೋಗ್ತಿಲ್ಲ.
– ಓದುಗರು, ಮಾಗಡಿ ರಸ್ತೆ

ಉತ್ತರ: ಇನಿಷಿಯಲ್ ಇಟ್ಟುಕೊಳ್ಳುವ ನಮ್ಮ ಕಡೆಯವರಿಗೆ ಇದು ಮಾಮೂಲಿ ತೊಂದರೆ. ರೈಲು ಟಿಕೆಟ್‌ಗೆ ಎರಡೂ ಜಾಗದಲ್ಲಿ ಅದೇ ಹೆಸರು ಬರೆಯಿರಿ. ಪಾಸ್‌ಪೋರ್ಟ್‌ನಲ್ಲಿ ಇರುವ ಅಕ್ಷರಗಳೇ ಇರಲಿ. ಅಲ್ಲಿ ಇಲ್ಲದ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಹೊಸದಾಗಿ ಸೇರಿಸಬೇಡಿ. ಟಿಕೆಟ್ ನೋಡುವವರು ಪಾಸ್‌ಪೋರ್ಟ್ ಕೇಳಿದರೆ ಅವರು ಹೊಂದಿಸಿ ನೋಡುವುದು ಆ ಹೆಸರನ್ನೇ. ಏಜೆಂಟರ ಹತ್ತಿರ ಮಾಡಿಸುವುದಾದರೆ ಫೋನಿನಲ್ಲಿ ಹೆಸರು ಹೇಳಬೇಡಿ, ಪಾಸ್‌ಪೋರ್ಟ್ ಪುಟದ ಫೋಟೋ ಕಳಿಸಿ. ಟಿಕೆಟ್ ಬಂದ ದಿನವೇ ಮನೆಯವರೆಲ್ಲರ ಹೆಸರು, ಹುಟ್ಟಿದ ದಿನಾಂಕ, ಪ್ರಯಾಣದ ದಿನಾಂಕ ಒಂದೊಂದಾಗಿ ಓದಿ ನೋಡಿ. ತಪ್ಪಿದ್ದರೆ ಅವತ್ತೇ ಹೇಳಿ ಸರಿ ಮಾಡಿಸಿ.